ನಡುನಾಡಿನ ಗುಮಾಸ್ತ

ಶಾಲೆಯ ಸಂಚಿಕೆಗೆ ನೆನಪಿನ ಲೇಖನ ಬೇಕೆಂದರೆ ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಮಳೆ, ಬೆತ್ತ, ಬುತ್ತಿ ಮತ್ತು ಹಾಕಿ. ನಾಲ್ಕೂ ನಮ್ಮ ಕಾಲದಲ್ಲಿ ಧಾರಾಳವಾಗಿದ್ದವು. ಹಾಕಿಯಲ್ಲಿ ನನ್ನ ಪಾಲಿಗೆ ಬಂದದ್ದು ಮೈದಾನದ ಹೊರಗೆ ಕುಳಿತು ಉಳಿದವರ ಚೀಲ ಕಾಯುವ ಕೆಲಸವಾದ್ದರಿಂದ ಆ ವಿಷಯವನ್ನು ಬಲ್ಲವರಿಗೇ ಬಿಡುತ್ತೇನೆ. ನಾನು ಹೇಳಹೊರಟಿರುವುದು 1986–87ರಲ್ಲಿ ನಮ್ಮ ತರಗತಿ ನಡೆಸಿದ ಒಂದು ಯುದ್ಧದ ಸಂಗತಿ. ಅದು ನಡೆದದ್ದು ಮಡಿಕೇರಿಯಿಂದ ಸುಮಾರು 12 ಜ್ಯೋತಿರ್ವರ್ಷ ದೂರದಲ್ಲಿ. ವರದಿಯಾದದ್ದು ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದ ಗೋಡೆಯ ಮೇಲೆ.

ಆ ವರ್ಷ ಹ್ಯಾಲಿ ಧೂಮಕೇತು ಬಂದಿತ್ತು. ಫೆಬ್ರವರಿಯಲ್ಲಿ ಸೂರ್ಯನನ್ನು ಬಳಸಿ ಮಾರ್ಚ್‌ನಲ್ಲಿ ಬೆಳಗಿನ ಜಾವದ ಆಕಾಶಕ್ಕೆ ಇಳಿದಾಗ ವಿಜ್ಞಾನದ ಮೇಷ್ಟ್ರು ನಮ್ಮನ್ನು ಸ್ವೆಟರ್ ಹಾಕಿಸಿ ಗುಡ್ಡ ಹತ್ತಿಸಿದ್ದರು. ಪತ್ರಿಕೆಗಳು ಹೊಗಳಿದಷ್ಟು ದೊಡ್ಡದಾಗಿ ಅದೇನೂ ಕಾಣಲಿಲ್ಲ. ಆದರೂ ಆಕಾಶದ ಹುಚ್ಚು ಹತ್ತಿತು. ಜೂನ್‌ನಲ್ಲಿ ಹತ್ತನೆಯ ತರಗತಿಗೆ ಬಂದಾಗ ಗೋಡೆ ಪತ್ರಿಕೆಯ ಹೊಣೆ ನಮ್ಮ ಪಾಲಿಗೆ ಬಂತು. ಚುಟುಕು, ಒಗಟು, ಸುಭಾಷಿತಗಳ ಬದಲು ನಕ್ಷತ್ರಲೋಕದ ಧಾರಾವಾಹಿ ಹಾಕೋಣ ಎಂದು ತೀರ್ಮಾನಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನಕ್ಷತ್ರ ಹಾಗಿರಲಿ, ಎದುರಿನ ಬೆಟ್ಟವೂ ಕಾಣುವುದಿಲ್ಲ. ಕಾಣದ ಆಕಾಶದ ಬಗ್ಗೆ ಬರೆಯುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು.

ಕಷ್ಟವಿದ್ದದ್ದು ಶಾಯಿಯದು. ತೇವಕ್ಕೆ ಹಾಳೆ ಮೆತ್ತಗಾಗಿ, ಮೈದಾ ಅಂಟು ಬಿಟ್ಟು, ಬರೆದ ಸಾಲುಗಳೆಲ್ಲ ನೀಲಿಯಾಗಿ ಕೆಳಗಿಳಿಯುತ್ತಿದ್ದವು. ಹಾಸ್ಟೆಲಿನ ಅಡುಗೆಮನೆಯ ಒಲೆಯ ಮೇಲೆ ಹಾಳೆಗಳನ್ನು ಹರಡಿ ಒಣಗಿಸುತ್ತಿದ್ದೆವು. ಎರಡನೆಯ ಕಂತಿಗೆ ಹುರುಳಿ ಸಾರಿನ ವಾಸನೆ ಕೊನೆಯವರೆಗೂ ಇತ್ತು. ಆಮೇಲೆ ಪೆನ್ಸಿಲ್ಲಿನಲ್ಲೇ ಬರೆದೆವು.

ಯಾವ ನಕ್ಷತ್ರ ಎಂಬ ಪ್ರಶ್ನೆಗೆ ವಿಜ್ಞಾನದ ಮೇಷ್ಟ್ರೇ ದಾರಿ ತೋರಿಸಿದರು. 1960ರಲ್ಲಿ ಫ್ರಾಂಕ್ ಡ್ರೇಕ್ ಎಂಬ ಅಮೆರಿಕದ ವಿಜ್ಞಾನಿ, ಬೇರೆ ಲೋಕದವರು ಏನಾದರೂ ಹೇಳುತ್ತಿದ್ದಾರೆಯೇ ಎಂದು ರೇಡಿಯೊ ದೂರದರ್ಶಕ ತಿರುಗಿಸಿ ಎರಡು ನಕ್ಷತ್ರಗಳಿಗೆ ಕಿವಿಗೊಟ್ಟಿದ್ದ. ಒಂದು ತಿಮಿಂಗಿಲ ಪುಂಜದ ಟೌ ಸೀಟಿ, 11.9 ಜ್ಯೋತಿರ್ವರ್ಷ ದೂರ. ಇನ್ನೊಂದು ನದಿ ಪುಂಜದ ಎಪ್ಸಿಲಾನ್ ಎರಿಡಾನಿ, 10.5 ಜ್ಯೋತಿರ್ವರ್ಷ. ಎರಡೂ ಸೂರ್ಯನಿಗಿಂತ ಸ್ವಲ್ಪ ಚಿಕ್ಕವು. ಏನೂ ಕೇಳಿಸಲಿಲ್ಲ. ಕೇಳಿಸದಿದ್ದರೆ ನಮಗೇನು? ಎರಡನ್ನೂ ತೆಗೆದುಕೊಂಡು ಒಂದರ ಮೇಲೊಂದನ್ನು ಎತ್ತಿಕಟ್ಟಿದೆವು. ಎರಡರ ನಡುವಿನ ಕೋನ ಕೊಟ್ಟು ದೂರವನ್ನು ಲೆಕ್ಕ ಹಾಕಿ ಎಂದರು ಮೇಷ್ಟ್ರು. ಸುಮಾರು ಐದೂವರೆ ಜ್ಯೋತಿರ್ವರ್ಷ ಬಂತು. ನಮಗಿಂತ ಅವು ಒಂದಕ್ಕೊಂದು ಹತ್ತಿರದ ನೆಂಟರು, ಆದ್ದರಿಂದ ಜಗಳವಾಡುವುದು ಸಹಜವೇ ಎಂದು ಒಪ್ಪಿಕೊಂಡೆವು. ಕಾವೇರಿಯ ಮಕ್ಕಳು ನದಿಯನ್ನು ಶತ್ರು ಮಾಡುವುದು ಸರಿಯೇ ಎಂದು ಭಾಗಮಂಡಲದ ಹುಡುಗಿಯೊಬ್ಬಳು ತಕರಾರು ಎತ್ತಿದಳು. ಬಹುಮತದಲ್ಲಿ ಅವಳು ಸೋತಳು.

ಟೌ ಸೀಟಿಗೆ ಮೂರು ಗ್ರಹ ಕೊಟ್ಟೆವು: ಬಿಸಿಲುನಾಡು, ನಡುನಾಡು, ಮಂಜುನಾಡು. ಸೂರ್ಯನಂಥ ಬೇರೆ ನಕ್ಷತ್ರದ ಸುತ್ತ ಗ್ರಹವಿದೆ ಎಂದು ಖಚಿತವಾಗಿ ಗೊತ್ತಾದದ್ದು 1995ರಲ್ಲಿ. ಅದಕ್ಕೆ ಮೊದಲೇ ನಾವು ಮೂರರ ಪಟ್ಟಾ ಮಾಡಿಸಿಕೊಂಡಿದ್ದೆವು. ಟೌ ಸೀಟಿಯ ಬೆಳಕು ಸೂರ್ಯನದರ ಅರ್ಧ. ಭೂಮಿಯಷ್ಟೇ ಬೆಚ್ಚಗಿರಬೇಕಾದರೆ ನಡುನಾಡು ನಮಗಿಂತ ಒಳಗೆ, ಭೂಮಿ–ಸೂರ್ಯರ ದೂರದ ನೂರರಲ್ಲಿ 70ರಷ್ಟು ಅಂತರದಲ್ಲಿ ಇರಬೇಕು. ಗ್ರಹದ ದೂರದಿಂದ ಅದರ ವರ್ಷದ ಉದ್ದ ಹೇಳುವ ಕೆಪ್ಲರನ ಮೂರನೆಯ ನಿಯಮ ಹಾಕಿದರೆ ಅಲ್ಲಿನ ವರ್ಷ ಸುಮಾರು ಎಂಟು ತಿಂಗಳು. ಈ ಎಂಟು ತಿಂಗಳು ಮುಂದೆ ಎಷ್ಟು ಉಪಕಾರಕ್ಕೆ ಬಂತೆಂದು ಹೇಳುತ್ತೇನೆ.

ಮೊದಲ ಕಂತುಗಳು ಬರೀ ಕದನ. ಕೆಂಪು ಪೆನ್ಸಿಲ್ ಮುಗಿಯುವಷ್ಟು ಬೆಂಕಿ. ಶೂನ್ಯದಲ್ಲಿ ಸದ್ದು ಹೋಗುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರಿಂದ 'ಢಮಾರ್'ಗಳನ್ನೆಲ್ಲ ಅಳಿಸಿದೆವು. ನದಿಯವರ ಪಡೆ ಬೆಳಕಿನ ವೇಗದ ನೂರರಲ್ಲಿ 90ರ ವೇಗದಲ್ಲಿ ಆರು ವರ್ಷ ಹಾರಿ ಬಂದು, ಮೂರು ದಿನದಲ್ಲಿ ನಡುನಾಡನ್ನು ಗೆದ್ದುಕೊಂಡಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಇತಿಹಾಸದ ಮೇಷ್ಟ್ರು ಗೋಡೆಯ ಮುಂದೆ ನಿಂತು ಪೂರ್ತಿ ಓದಿ, ನಮ್ಮನ್ನು ಕರೆದರು.

“ಯುದ್ಧ ಎಷ್ಟು ದಿನ?”

“ಮೂರು ದಿನ, ಸರ್.”

“ನಾಲ್ಕನೆಯ ದಿನ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವವರು ಯಾರು?”

ಯಾರಿಗೂ ಉತ್ತರ ಹೊಳೆಯಲಿಲ್ಲ. ಮುಂದಿನ ಶನಿವಾರ ಅವರು ನಮ್ಮನ್ನು ಕೋಟೆಗೆ ಕರೆದುಕೊಂಡು ಹೋದರು. ಕೊಡಗಿನ ಮಕ್ಕಳಿಗೆ ಮಡಿಕೇರಿ ಕೋಟೆಯೆಂದರೆ ಎರಡು ಗಾರೆಯ ಆನೆಗಳು, ಹಳೆಯ ಚರ್ಚಿನಲ್ಲಿರುವ ವಸ್ತುಸಂಗ್ರಹಾಲಯ, ಅಷ್ಟೇ. ಮೇಷ್ಟ್ರು ಆನೆಗಳ ಕಡೆ ನೋಡಲೂ ಬಿಡಲಿಲ್ಲ. ಮುದ್ದುರಾಜ 1681ರಲ್ಲಿ ಇಲ್ಲಿ ಕಟ್ಟಿಸಿದ. ಟಿಪ್ಪು ಹಿಡಿದು ಜಾಫರಾಬಾದ್ ಎಂದು ಹೆಸರಿಟ್ಟ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ ಮತ್ತೆ ಗೆದ್ದ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಬಂತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಕಡತ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ನೌಕರನನ್ನು ತೋರಿಸಿದರು. ಚಿಕ್ಕವೀರರಾಜನನ್ನು ಇಳಿಸಿದ ಯುದ್ಧ ಎರಡು ವಾರವೂ ಹಿಡಿಯಲಿಲ್ಲ, ಆದರೆ ಕಚೇರಿ 113 ವರ್ಷ ನಡೆಯಿತು, ನಿಮ್ಮ ಕಥೆಯಲ್ಲಿ ಕಚೇರಿಯೇ ಇಲ್ಲ ಎಂದರು. ಬೈಗುಳದ ಧ್ವನಿಯಲ್ಲಿ ಹೇಳಿದರೂ ಅವರಿಗೆ ನಮ್ಮ ಕಥೆ ಹಿಡಿಸಿದೆ ಎಂದು ಆಗ ನಮಗೆ ಅನುಮಾನ ಬಂತು.

ಅಲ್ಲಿಂದ ಮುಂದೆ ಧಾರಾವಾಹಿ ಬೇರೆಯೇ ಆಯಿತು. ಅಮರಸುಳ್ಯದ ದಂಗೆಯ ಪಾಠ ಅದೇ ಸಮಯಕ್ಕೆ ಬಂದದ್ದೂ ಅನುಕೂಲವಾಯಿತು. ಮೊದಲು ಬೆಳೆಯ ರೂಪದಲ್ಲಿ ಅಳೆದು ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದು ಕಂಪನಿ ಹೇಳಿದ್ದು 1837ರಲ್ಲಿ ಜನ ಏಳಲು ದೊಡ್ಡ ಕಾರಣ. ಅವರು ಮಂಗಳೂರಿನವರೆಗೂ ಹೋಗಿ ಊರನ್ನು 13 ದಿನ ಹಿಡಿದಿಟ್ಟರು. ಅದೇ ಅಕ್ಟೋಬರ್‌ನಲ್ಲಿ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇದೇ ಕೋಟೆಯ ಬಳಿ ಗಲ್ಲಿಗೇರಿಸಿದರು. ನಡುನಾಡಿನ ಕಂದಾಯವನ್ನೂ ನಾವು ನಗದು ಮಾಡಿದೆವು. ಎಂಟು ತಿಂಗಳ ವರ್ಷ ಇಲ್ಲಿ ಕೈಹಿಡಿಯಿತು. ನದಿಯವರ ಆಜ್ಞೆಯಲ್ಲಿ 'ವರ್ಷಕ್ಕೊಮ್ಮೆ' ಎಂದಷ್ಟೇ ಇತ್ತು, ಯಾರ ವರ್ಷ ಎಂದು ಇರಲಿಲ್ಲ. ಕಚೇರಿಯವರು ನಡುನಾಡಿನ ವರ್ಷ ಹಿಡಿದು ಲೆಕ್ಕ ಹಾಕಿದರು. ಭೂಮಿಯ ಎರಡು ವರ್ಷದಲ್ಲಿ ಮೂರು ಸಲ ವಸೂಲಿ! ಯಾರನ್ನೂ ಕೊಲ್ಲದೆ, ಯಾರ ಮನೆಯನ್ನೂ ಸುಡದೆ, ಬರೀ ಪಂಚಾಂಗದಿಂದ ಒಂದು ಗ್ರಹವನ್ನು ಹಿಂಡಬಹುದೆಂದು ಹದಿನೈದರ ವಯಸ್ಸಿನಲ್ಲಿ ಕಂಡುಹಿಡಿದ ಹೆಮ್ಮೆ ನಮಗೆ. ಮುಂದೆ ನಾನು ಲೆಕ್ಕಪರಿಶೋಧನೆಯ ಕೆಲಸಕ್ಕೆ ಸೇರಿದ್ದಕ್ಕೆ ಬೇರೆ ಕಾರಣಗಳಿದ್ದರೂ ಈ ಕಂತಿನ ಪಾಲೂ ಇದೆ.

ಆಯುಧಗಳ ವಿಷಯಕ್ಕೆ ದೊಡ್ಡ ಜಗಳವಾಯಿತು. ಗೆದ್ದವರು ಮೊದಲು ಕೋವಿ ಕಿತ್ತುಕೊಳ್ಳುತ್ತಾರೆ ಎಂದು ಅರ್ಧ ತರಗತಿ. ನಮ್ಮಲ್ಲಿ ಕಿತ್ತುಕೊಳ್ಳಲಿಲ್ಲವಲ್ಲ ಎಂದು ಇನ್ನರ್ಧ. 1861ರಲ್ಲಿ ಬ್ರಿಟಿಷರು ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟಿದ್ದರು. ಕೈಲ್‌ಪೊಳ್ದು ಎಂಬ ಆಯುಧಗಳ ಹಬ್ಬದಂದು ತೋಕ್‌ಗೆ, ಅಂದರೆ ಕೋವಿಗೆ, ಹೂವಿಡುವ ಮನೆಯಿಂದ ಬಂದವರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಕೋವಿ ಬಿಟ್ಟುಕೊಟ್ಟು ನಿಷ್ಠೆ ಪಡೆಯುವ ಆಳ್ವಿಕೆಯೂ ಆಳ್ವಿಕೆಯೇ ಎಂದು ಮೇಷ್ಟ್ರು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಕೊನೆಗೆ ಬಿಸಿಲುನಾಡಿನವರಿಗೆ ಕೋವಿ ಬಿಟ್ಟೆವು, ನಡುನಾಡಿನವರದನ್ನು ಕಿತ್ತುಕೊಂಡೆವು. ಆಗ ಎರಡು ಗ್ರಹಗಳ ನಡುವೆ ತಾನಾಗಿಯೇ ಹಗೆ ಹುಟ್ಟಿತು. ನಾವು ಯೋಜಿಸಿರಲಿಲ್ಲ, ಬರೆಯುತ್ತಾ ಬರೆಯುತ್ತಾ ಆಗಿಹೋಯಿತು.

ದುಡ್ಡಿನ ಕಂತಿಗೆ ಕಾರಣವಾದದ್ದು ಒಂದು ನೋಟು. ವಿರಾಜಪೇಟೆ ಕಡೆಯ ಸಹಪಾಠಿಯೊಬ್ಬಳು ಅದನ್ನು ಅಂಕಗಣಿತದ ಪುಸ್ತಕದೊಳಗೆ ಇಟ್ಟು ತಂದಳು. ಅವಳ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಮಲಯಾದಲ್ಲಿದ್ದವರು. ಹತ್ತು ಡಾಲರ್ ನೋಟು, ಹಸಿರು-ನೀಲಿ ಬಣ್ಣ, ನಡುವೆ ಗೊನೆ ಬಿಟ್ಟ ಬಾಳೆಗಿಡ. ಬೇಡಿಕೆಯ ಮೇರೆಗೆ ಹತ್ತು ಡಾಲರ್ ಕೊಡುವುದಾಗಿ ಜಪಾನ್ ಸರ್ಕಾರದ ವಾಗ್ದಾನ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮಲಯಾ, ಸಿಂಗಪುರಗಳನ್ನು ಹಿಡಿದಿದ್ದಾಗ ಜಪಾನಿಗಳು ಇದನ್ನು ಬೇಕಾಬಿಟ್ಟಿ ಅಚ್ಚು ಹಾಕಿದರು. 1945ರಲ್ಲಿ ಅವರು ಸೋತ ಕೂಡಲೇ ಅದು ಬರೀ ಕಾಗದವಾಯಿತು. ಅಷ್ಟು ಒಳ್ಳೆಯ ಕಾಗದವೂ ಅಲ್ಲ. ಮಡಿಕೆಯಲ್ಲಿ ಸವೆದು ಬೆಳಕು ಕಾಣುತ್ತಿತ್ತು. “ಅಜ್ಜನ ಪೆಟ್ಟಿಗೆಯಲ್ಲಿ ಇಂಥವು ಒಂದು ಕಟ್ಟು ಇದೆ. ಅಷ್ಟಕ್ಕೂ ಸೇರಿ ಅವರಿಗೆ ಅಲ್ಲಿ ಒಂದು ಕೋಳಿಯೂ ಸಿಕ್ಕಿರಲಿಲ್ಲವಂತೆ” ಎಂದಳು. ನಾವೆಲ್ಲ ಸರದಿಯಲ್ಲಿ ನೋಟನ್ನು ಕಿಟಕಿಗೆ ಹಿಡಿದು ನೋಡಿದೆವು. ಮರುವಾರವೇ ನಡುನಾಡಿನಲ್ಲಿ ನದಿಯವರ ನೋಟು ಚಲಾವಣೆಗೆ ಬಂತು. ಅದರ ಮೇಲೆ ಬಾಳೆಯ ಬದಲು ಏಲಕ್ಕಿ ಗಿಡ.

ಕಾಫಿಯನ್ನು ತಂದವನು ತೋಟದ ಹುಡುಗ. ಅವನನ್ನು ಹಾಗೆಯೇ ಕರೆಯುತ್ತೇನೆ. ಲೇಖನದಲ್ಲಿ ಹೆಸರು ಬರಬಾರದೆಂದು ಫೋನಿನಲ್ಲಿ ತಾಕೀತು ಮಾಡಿದ್ದಾನೆ. ಆಗ ಬೆಳೆಗಾರ ತನ್ನ ಕಾಫಿಯನ್ನು ತಾನು ಮಾರುವಂತಿರಲಿಲ್ಲ. ಮನೆ ಬಳಕೆಗೆ ಒಂದಿಷ್ಟು ಉಳಿಸಿಕೊಂಡು ಎಲ್ಲವನ್ನೂ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕು. ಹಣ ಕಂತು ಕಂತಾಗಿ ಬರುತ್ತಿತ್ತು. ಈ ವ್ಯವಸ್ಥೆ ಹುಟ್ಟಿದ್ದು ಯುದ್ಧದಿಂದ. ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರ ಕಂಗಾಲಾದಾಗ ಅವನನ್ನು ಉಳಿಸಲೆಂದು 1942ರಲ್ಲಿ ಕಾಯಿದೆಯಾಯಿತು. ಯುದ್ಧ 1945ರಲ್ಲಿ ಮುಗಿಯಿತು. ಪೂಲ್ ಪೂರ್ತಿ ಸಡಿಲವಾದದ್ದು 1996ರಲ್ಲಿ. ಅವನ ತಂದೆ ಪೂಲ್ ಎಂದರೆ ಉರಿದು ಬೀಳುತ್ತಿದ್ದರು, ಅಜ್ಜ ಮಾತ್ರ “ಅದಿಲ್ಲದಿದ್ದರೆ ತೋಟವೇ ಇರುತ್ತಿರಲಿಲ್ಲ, ಸುಮ್ಮನಿರು” ಎನ್ನುತ್ತಿದ್ದರಂತೆ. ಇಬ್ಬರ ಮಾತನ್ನೂ ಅವನು ನಡುನಾಡಿನ ಒಂದೇ ಮನೆಯ ಊಟದ ಹೊತ್ತಿಗೆ ಹಾಕಿ ಬರೆದ. ಇಡೀ ಧಾರಾವಾಹಿಯಲ್ಲಿ ಅತ್ಯಂತ ಚೆನ್ನಾಗಿದ್ದ ಕಂತು ಅದೇ ಎಂದು ನನ್ನ ಅಭಿಪ್ರಾಯ. ಒಂದೂ ಹಡಗಿಲ್ಲ, ಒಂದೂ ಗುಂಡಿಲ್ಲ, ಅಪ್ಪ ಮಗ ಅನ್ನದ ಮುಂದೆ ಕುಳಿತು ಜಗಳವಾಡುತ್ತಾರೆ ಅಷ್ಟೇ.

ನವೆಂಬರ್ ಹೊತ್ತಿಗೆ ಆಕಾಶ ತೆರೆಯಿತು. ತಿಮಿಂಗಿಲದ ಬಾಲದ ಹೊಳೆಯುವ ಚುಕ್ಕಿಯಿಂದ ಪೂರ್ವಕ್ಕೆ ಸರಿದರೆ ಟೌ ಸೀಟಿ. ಮೇಷ್ಟ್ರು ತೋರಿಸಿದಾಗ ನಮಗೆಲ್ಲ ನಿರಾಸೆ. ಅಷ್ಟು ದೊಡ್ಡ ಯುದ್ಧ ನಡೆದ ಜಾಗ ಅಷ್ಟು ಮಂಕಾಗಿರಬಾರದಿತ್ತು. ಸುಗ್ಗಿ ಹಬ್ಬ ಹುತ್ತರಿಯ ದಿನ ಬೆಳದಿಂಗಳಿಗೆ ಅದೂ ಅಡಗಿಹೋಯಿತು. ಆದರೆ ಹುತ್ತರಿ ನಮಗೆ ಬೇರೊಂದು ಕಂತು ಕೊಟ್ಟಿತು. ಕದಿರು ತೆಗೆಯುವ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ನಿಶ್ಚಯವಾಗುತ್ತದೆ, ಯಾವ ಸರ್ಕಾರದ ಕಚೇರಿಯಲ್ಲೂ ಅಲ್ಲ. ನಡುನಾಡಿನ ಸುಗ್ಗಿಯನ್ನು ಕಂದಾಯಕ್ಕೆ ಅನುಕೂಲವಾಗಲೆಂದು ಹಿಂದಕ್ಕೆ ತಳ್ಳಿ ನದಿಯವರು ಆಜ್ಞೆ ಹೊರಡಿಸಿದರು. ಜನ ಆಜ್ಞೆಯನ್ನು ಕೇಳಿಸಿಕೊಂಡರು, ತಲೆಯಾಡಿಸಿದರು, ತಮ್ಮ ಹಿರಿಯರು ಹೇಳಿದ ರಾತ್ರಿಯೇ ಕೊಯ್ದರು. ಭಾಗಮಂಡಲದ ಹುಡುಗಿ ಬರೆದದ್ದು. ನದಿಯ ವಿಷಯದಲ್ಲಿ ಸೋತ ಸಿಟ್ಟನ್ನು ಅವಳು ಹೀಗೆ ತೀರಿಸಿಕೊಂಡಳೆಂದು ಕಾಣುತ್ತದೆ.

ಇನ್ನು ಗುಮಾಸ್ತನ ವಿಷಯ.

ನದಿಯವರ ಕಚೇರಿಯಲ್ಲಿ ಲೆಕ್ಕ ಬರೆಯಲು ನಡುನಾಡಿನವನೇ ಒಬ್ಬ ಬೇಕಿತ್ತು. ನಾವು ಅವನನ್ನು ದ್ರೋಹಿ ಎಂದು ಬರೆದು, ಮೂಗು ಉದ್ದ ಮಾಡಿ ಚಿತ್ರವನ್ನೂ ಬಿಡಿಸಿದೆವು. ಅದನ್ನು ಗೋಡೆಗೆ ಅಂಟಿಸಿದ ದಿನ ಮಧ್ಯಾಹ್ನ, ಯಾವತ್ತೂ ಬಾಯಿ ತೆರೆಯದ ಹುಡುಗನೊಬ್ಬ ಇತಿಹಾಸದ ತರಗತಿಯಲ್ಲಿ ಎದ್ದು ನಿಂತ.

“ಸರ್, ನಮ್ಮ ತಾತ ಕಮಿಷನರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬ್ರಿಟಿಷರ ಕಾಲದಲ್ಲಿ. ಆ ಸಂಬಳದಲ್ಲೇ ಅಪ್ಪ ಓದಿದ್ದು.”

ಅಷ್ಟು ಹೇಳಿ ಕುಳಿತುಕೊಂಡ. ತರಗತಿಯಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ಯಾರಾದರೊಬ್ಬರು ಸರ್ಕಾರದ ಚಾಕರಿ ಮಾಡಿದವರೇ: ಸುಬೇದಾರರು, ಪಾರುಪತ್ತೆಗಾರರು, ಶಾನುಭೋಗರು, ಸೈನ್ಯದವರು. ಮೇಷ್ಟ್ರು 1834ರಲ್ಲಿ ದಿವಾನರು ಯಾವ ಕಡೆ ನಿಂತರು ಎಂಬುದನ್ನು ಹೇಳಿಕೊಡುವಾಗಲೂ ತೀರ್ಪು ಕೊಟ್ಟವರಲ್ಲ, ಈಗಲೂ ಕೊಡಲಿಲ್ಲ. ಕಪಾಟಿನಿಂದ ಖಾಲಿ ಹಾಳೆಗಳನ್ನು ತೆಗೆದು ಆ ಹುಡುಗನ ಮೇಜಿನ ಮೇಲಿಟ್ಟು, “ಗುಮಾಸ್ತನ ಕಂತು ಇನ್ನು ನಿನ್ನದು” ಎಂದರು. ಉದ್ದ ಮೂಗಿನ ಚಿತ್ರ ಸಂಜೆಯೊಳಗೆ ಗೋಡೆಯಿಂದ ಮಾಯವಾಗಿತ್ತು. ಯಾರು ಕಿತ್ತರೆಂದು ಯಾರೂ ಕೇಳಲಿಲ್ಲ.

ಅವನು ಬರೆದ ಕಥೆಯ ಚೌಕಟ್ಟು ವಿಜ್ಞಾನದ ಮೇಷ್ಟ್ರದು. ಪಡೆ ಹೊರಟ ಎರಡು ವರ್ಷಕ್ಕೆ ನದಿಯವರ ನಾಡಿನಲ್ಲಿ ಸಂಧಿಯಾಯಿತು ಎಂದಿಟ್ಟುಕೊಳ್ಳಿ ಎಂದು ಅವರು ಹಲಗೆಯ ಮೇಲೆ ಎರಡು ಗೆರೆ ಎಳೆದಿದ್ದರು. ಸುದ್ದಿ ರೇಡಿಯೊ ಅಲೆಯಾಗಿ ಬೆಳಕಿನ ವೇಗದಲ್ಲೇ ಹೊರಡುತ್ತದೆ. ಆದರೆ ಹಡಗೂ ಬೆಳಕಿಗೆ ಹತ್ತಿರದ ವೇಗದಲ್ಲಿ ಎರಡು ವರ್ಷ ಮುಂದಿದೆ. ದಾರಿಯಲ್ಲಿ ಸುದ್ದಿಗೆ ಅದು ಸಿಗುವುದಿಲ್ಲ. ಅಂದರೆ ನಡುನಾಡು ಸೋತ ದಿನವೇ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಆ ಸುದ್ದಿ ತಲುಪಿದ್ದು ಇನ್ನೂ ಒಂದೂವರೆ ವರ್ಷಕ್ಕೆ.

ಸುದ್ದಿ ಬಂದಾಗ ಸ್ವೀಕರಿಸುವ ಯಂತ್ರದ ಮುಂದೆ ಇದ್ದವನು ಗುಮಾಸ್ತ. ಅವನು ಅದನ್ನು ನದಿಯವರ ಸೇನಾಪತಿಗೆ ಕೊಟ್ಟ. ಸೇನಾಪತಿ ಓದಿ ಮಡಚಿ ಜೇಬಿಗೆ ಹಾಕಿಕೊಂಡ. ಅವನನ್ನೂ ಹುಡುಗ ರಾಕ್ಷಸ ಮಾಡಲಿಲ್ಲ. ಯುದ್ಧವಿಲ್ಲವೆಂದರೆ ಸೈನ್ಯಕ್ಕೆ ಊಟ ಕೇಳುವ ಹಕ್ಕಿಲ್ಲ, ವಾಪಸಾಗಬೇಕೆಂದರೆ ಮತ್ತೆ ಆರು ವರ್ಷ, ಹಡಗುಗಳಲ್ಲಿ ಇಂಧನವಿಲ್ಲ. ಮರುದಿನದಿಂದ ಗುಮಾಸ್ತ ಎಂದಿನಂತೆ ಕಂದಾಯ ವಸೂಲಿ ಮಾಡಿದ, ಎಂದಿನಂತೆ ರಶೀದಿ ಕೊಟ್ಟ. ತಾರೀಖಿನ ಜಾಗದಲ್ಲಿ ಮಾತ್ರ, ಅಚ್ಚಾದ ನದಿಯವರ ವರ್ಷದ ಕೆಳಗೆ, ಸಣ್ಣ ಅಕ್ಷರದಲ್ಲಿ 'ಸಂಧಿಯಾದ ಆರನೆಯ ವರ್ಷ' ಎಂದು ಬರೆಯತೊಡಗಿದ. ಯಾರಿಗೂ ಏನೂ ಹೇಳಲಿಲ್ಲ. ಓದು ಬಲ್ಲ ಮೊದಲ ಮುದುಕಿ ಅದನ್ನು ಎರಡು ಸಲ ಓದಿ, ಅವನ ಮುಖ ನೋಡಿ, ರಶೀದಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಆರು ಯಾಕೆ, ಐದೂವರೆ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ, ನಡೆಯುತ್ತಿರುವ ವರ್ಷವನ್ನೇ ಬರೆಯುವುದು ಕಚೇರಿಯ ಕ್ರಮ, ತಾತ ಹಾಗೆಯೇ ಬರೆಯುತ್ತಿದ್ದರು ಎಂದ.

ಕೊನೆಯ ಕಂತಿನಲ್ಲಿ ದಂಗೆಯಾಗಲೇಬೇಕೆಂದು ಹುಡುಗರು ಹಟ ಹಿಡಿದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದು ವಾದಕ್ಕೆ ಪುರುಸೊತ್ತಿರಲಿಲ್ಲ. ನಡುನಾಡಿನವರೆಲ್ಲ ರಶೀದಿ ಹಿಡಿದು ಕಚೇರಿಯ ಮುಂದೆ ಸಾಲು ನಿಂತು, ಸಂಧಿಯ ನಂತರ ವಸೂಲಾದದ್ದನ್ನು ಲೆಕ್ಕಹಾಕಿ ವಾಪಸ್ ಕೇಳುವಲ್ಲಿಗೆ ಕಥೆ ಮುಗಿಯಿತು. ಹುಡುಗರ ಸಮಾಧಾನಕ್ಕೆ ಆ ಸಾಲಿನ ಕೊನೆಯಲ್ಲಿ ಬಿಸಿಲುನಾಡಿನವರು ಕೋವಿ ಸಮೇತ ಬಂದು ನಿಂತರು, ಆದರೆ ಗುಂಡು ಹಾರಿಸಿದ್ದು ಆಕಾಶಕ್ಕೆ. ಹಣ ವಾಪಸ್ ಬಂತೇ ಎಂದು ಏಳನೆಯ ತರಗತಿಯ ಮಕ್ಕಳು ನಮ್ಮನ್ನು ಅಂಗಳದಲ್ಲಿ ತಡೆದು ಕೇಳುತ್ತಿದ್ದರು. ಏಲಕ್ಕಿ ನೋಟಿನಲ್ಲಿ ಬಂತು ಎಂದು ಹೇಳಿ ಓಡಿಹೋಗುತ್ತಿದ್ದೆವು.

ಹಾಳೆಗಳು ಈಗ ಎಲ್ಲೂ ಇಲ್ಲ. ಇತಿಹಾಸದ ಮೇಷ್ಟ್ರು ನಿವೃತ್ತರಾಗುವವರೆಗೆ ಕೆಲವನ್ನು ಇಟ್ಟುಕೊಂಡಿದ್ದರು. ಗೆದ್ದಲಿಗೆ ಇತಿಹಾಸ, ಕಲ್ಪನೆ ಎಂಬ ಭೇದವಿಲ್ಲ. ನಾವು ಮಾತ್ರ ಆ ನಕ್ಷತ್ರದ ಸುದ್ದಿ ಬಂದಾಗಲೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡುತ್ತೇವೆ. 2004ರಲ್ಲಿ ಅದರ ಸುತ್ತ ನಮ್ಮ ಸೌರವ್ಯೂಹಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಧೂಳು, ಕಲ್ಲುಗಳಿವೆ ಎಂದು ಗೊತ್ತಾಯಿತು. ಪಾಪ, ನಡುನಾಡಿನವರಿಗೆ ನದಿಯವರ ಕಾಟ ಸಾಲದೆಂದು ಉಲ್ಕೆಗಳ ಕಾಟವೂ ಸೇರಿತು. 2017ರಲ್ಲಿ ಖಗೋಳ ವಿಜ್ಞಾನಿಗಳು ಅದಕ್ಕೆ ನಾಲ್ಕು ಗ್ರಹಗಳಿರಬಹುದೆಂದು ಹೇಳಿದರು. ಅವು ನಿಜವಾಗಿ ಇವೆಯೇ ಎಂಬ ಚರ್ಚೆ ಮುಗಿದಿಲ್ಲ. ಅವುಗಳಲ್ಲಿ ಬಿಸಿಯೂ ಅಲ್ಲದ ಚಳಿಯೂ ಅಲ್ಲದ ವಲಯದ ಅಂಚಿಗೆ ಹತ್ತಿರವಿದ್ದವು ಎರಡು: ಒಂದರ ವರ್ಷ ಸುಮಾರು 163 ದಿನ, ಇನ್ನೊಂದರದು ಸುಮಾರು 636 ದಿನ. ನಮ್ಮ ಎಂಟು ತಿಂಗಳಿಗೆ ಎರಡೂ ಹೊಂದುವುದಿಲ್ಲ.

ತೋಟದ ಹುಡುಗನಿಗೆ ಈಗ ಅರವತ್ತರ ಹತ್ತಿರ. ರೋಬಸ್ಟಾ ಕೊಯ್ಲಿನ ನಡುವೆ ಕರೆ ಮಾಡಿ ವಿಷಯ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಕಣದಲ್ಲಿ ಕಾಫಿ ಎಳೆಯುವ ಸದ್ದಷ್ಟೇ ಕೇಳಿಸಿತು; ಮನಸ್ಸಿನಲ್ಲೇ ಭಾಗಿಸುತ್ತಿದ್ದನೆಂದು ಕಾಣುತ್ತದೆ.

“163 ದಿನ ಅಂದರೆ ನಮ್ಮ ವರ್ಷಕ್ಕೆ ಎರಡು ಕಂದಾಯ ಕಟ್ಟಿದರೂ ಮುಗಿಯುವುದಿಲ್ಲ” ಎಂದ. “636 ದಿನದ್ದನ್ನೇ ಹಿಡಿ ಮಾರಾಯ್ತಿ. ಬೆಳೆಗಾರ ಒಂದಿಷ್ಟು ಉಸಿರಾಡಲಿ.”